ಟಿಕೆಟ್‌ಗೂ ಮೊದಲು ಲಸಿಕೆ

ಬ್ರಹ್ಮಗಿರಿಯ ಅಶೋಕನ ಶಾಸನ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾ ಆರಂಭವಾಗುತ್ತದೆ. ಪ್ರಾಣಿಗಳ ಮೇಲೆ ದೃಢವಾದ ದಯೆ ಇರಲಿ ಎಂದೂ ಹೇಳುತ್ತದೆ. ಮಕ್ಕಳ ಉದ್ಯೋಗ ನಿಮಿತ್ತ ಹೊರದೇಶಕ್ಕೆ ಹೊರಟ ಮನೆಯವರು ಸಾಕಿದ ನಾಯಿಯ ಬಗ್ಗೆ ಯೋಚಿಸುವಾಗ ಈ ಮಾತು ನೆನಪಿಡುವಂಥದ್ದು. ಅನೇಕರು ಮೊದಲು ಟಿಕೆಟ್ ಕೊಂಡು, ಆಮೇಲೆ ಪಶುವೈದ್ಯರ ಬಳಿ ಓಡುತ್ತಾರೆ. ಈ ಕ್ರಮವೇ ತಪ್ಪು.

ಯುರೋಪಿನ ಒಕ್ಕೂಟದ ದೇಶಗಳಿಗೆ ಭಾರತದಿಂದ ನಾಯಿ ಹೋಗಬೇಕಾದರೆ ಮೊದಲು ಚರ್ಮದಡಿ ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಚಿಪ್‌ಗೆ ಮುಂಚೆ ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನದ ನಂತರ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ 3 ತಿಂಗಳ ಕಾಯುವಿಕೆ. ಇದನ್ನು ಕಚೇರಿಯ ಕಿರುಕುಳವೆಂದು ಗೊಣಗುವವರುಂಟು. ಆದರೆ ರೇಬೀಸ್ ವಿಷಾಣು ಮೈಸೇರಿದ ಮೇಲೂ ವಾರಗಟ್ಟಲೆ, ತಿಂಗಳುಗಟ್ಟಲೆ ಲಕ್ಷಣ ತೋರದೆ ಇರಬಲ್ಲದು. ಕಾಯುವುದು ಅದಕ್ಕಾಗಿ. ಅಮೆರಿಕವಂತೂ 2024ರ ಆಗಸ್ಟ್ 1ರಿಂದ ಆರು ತಿಂಗಳು ತುಂಬದ ನಾಯಿಗೆ ಪ್ರವೇಶ ಕೊಡುತ್ತಿಲ್ಲ. ಹೊರಡುವ ಮುನ್ನ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರದೊಂದಿಗೆ ಕೇಂದ್ರ ಸರ್ಕಾರದ ಪಶು ಕ್ವಾರಂಟೈನ್ ಕಚೇರಿಯ ಪತ್ರವೂ ಬೇಕು; ಬೆಂಗಳೂರಿನಲ್ಲಿ ಈ ಕಚೇರಿಯಿದೆ. ಒಟ್ಟಿನಲ್ಲಿ ಐದಾರು ತಿಂಗಳು ಮೊದಲೇ ಸಿದ್ಧತೆ ಆರಂಭಿಸುವುದು ಕ್ಷೇಮ.

ಕಾಗದಪತ್ರದಷ್ಟೇ ಮುಖ್ಯವಾದದ್ದು ನಾಯಿಯ ಅಭ್ಯಾಸ. ಅದು ನಿಂತು, ತಿರುಗಿ, ಮಲಗಲು ಸಾಕಾಗುವ ಪೆಟ್ಟಿಗೆಯನ್ನು ಕೆಲವು ವಾರ ಮೊದಲೇ ತಂದು ಮನೆಯಲ್ಲಿಡಿ. ಅದರೊಳಗೇ ಊಟ ಹಾಕಿ, ಮಲಗಿಸಿ. ಗಲಾಟೆ ಮಾಡೀತೆಂದು ನಿದ್ರೆಯ ಔಷಧಿ ಕೊಡಬೇಡಿ. ಅದರಿಂದ ರಕ್ತದೊತ್ತಡ ಇಳಿಯಬಹುದು, ಮೈಯ ಉಷ್ಣ ಕಾಯ್ದುಕೊಳ್ಳುವ ಶಕ್ತಿ ಕುಗ್ಗಬಹುದು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರು ಬೆಂಗಳೂರಿನವರೆಗಿನ ರಸ್ತೆ ಪ್ರಯಾಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೇಸಿಗೆಯಲ್ಲಿ ರಾತ್ರಿ ಅಥವಾ ನಸುಕಿನಲ್ಲಿ ಹೊರಡುವುದೇ ಲೇಸು.

ಎಲ್ಲ ನಾಯಿಗಳೂ ವಿಮಾನ ಏರಲೇಬೇಕೆಂದಿಲ್ಲ. ಪಗ್, ಬುಲ್‌ಡಾಗ್‌ನಂಥ ಮೋಟುಮೂತಿಯ ನಾಯಿಗಳಿಗೆ ಶಾಖ ಮತ್ತು ಗಾಬರಿಯಲ್ಲಿ ಉಸಿರಾಟವೇ ಕಷ್ಟವಾಗುತ್ತದೆ. ಮುದಿ ನಾಯಿ, ಹೃದ್ರೋಗವಿರುವ ನಾಯಿಗಳಿಗೂ ಅಪಾಯ ಹೆಚ್ಚು. ಅಂಥವನ್ನು ನಂಬಿಕೆಯ ನೆಂಟರಲ್ಲಿ ಬಿಟ್ಟು, ಖರ್ಚು ಕೊಟ್ಟು ಹೋಗುವುದೇ ನಿಜವಾದ ಪ್ರೀತಿ. ಬೀದಿಗೆ ಬಿಟ್ಟು ಹೋಗುವುದು ಮಾತ್ರ ಕ್ರೌರ್ಯ.

ನಾಯಿ ಊರಲ್ಲೇ ಉಳಿದರೂ ರೇಬೀಸ್ ಲಸಿಕೆಯನ್ನು ಮಾತ್ರ ಕಾಲಕಾಲಕ್ಕೆ ತಪ್ಪಿಸಬಾರದು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿದವರು ತೀರಾ ವಿರಳ. ವಿದೇಶದವರು ಕೇಳುತ್ತಾರೆಂದು ಹಾಕಿಸುವ ಲಸಿಕೆಯನ್ನು ನಮ್ಮ ಓಣಿಯ ಮಕ್ಕಳಿಗಾಗಿಯೂ ಹಾಕಿಸೋಣ.