ಟಿ.ವಿ. ಬಂತು, ಸದ್ದು ಬರಲಿಲ್ಲ

ಕಳೆದ ತಿಂಗಳು ನಮ್ಮ ಮನೆಗೆ ಹೊಸ ಟಿ.ವಿ. ಬಂತು. ತಂದವರು ಗೋಡೆಗೆ ಕೂರಿಸಿ, ರಿಮೋಟ್ ಕೈಗಿಟ್ಟು ಹೊರಟರು. ಹಳೆಯ ಹೋಮ್ ಥಿಯೇಟರ್‌ಗೂ ಕನೆಕ್ಷನ್ ಕೊಡಿ ಎಂದಿದ್ದಕ್ಕೆ, ‘ಅದೆಲ್ಲ ಇದಕ್ಕೆ ಸೇರಲ್ಲ ಸಾರ್, ಸೌಂಡ್‌ಬಾರ್ ತಗೊಂಡ್‌ಬಿಡಿ’ ಎಂದರು. ಅಪ್ಪನ ಮುಖ ಸಪ್ಪಗಾಯಿತು. 2012ರಲ್ಲಿ ಅರಿಯರ್ಸ್ ಹಣ ಬಂದಾಗ ಆಸೆಪಟ್ಟು ಕೊಂಡ ಸೆಟ್ ಅದು. ಐದು ಸ್ಪೀಕರ್, ಒಂದು ಸಬ್‌ವೂಫರ್. ‘ನೀನು ಇಸಿ ಓದಿದ್ದೀಯಲ್ಲೋ, ಸ್ವಲ್ಪ ನೋಡು’ ಎಂದರು.

ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿ ಒಂದು ವರ್ಷವಾಗಿದೆ, ಕೆಲಸ ಹುಡುಕುತ್ತಿದ್ದೇನೆ. ಫೋರಿಯರ್ ಟ್ರಾನ್ಸ್‌ಫಾರ್ಮ್ ಬಗ್ಗೆ ಹತ್ತು ಅಂಕದ ಉತ್ತರ ಬರೆದವನಿಗೆ ಟಿ.ವಿ. ಹಿಂದಿನ ಸಾಕೆಟ್‌ಗಳು ಅರ್ಥವಾಗಲಿಲ್ಲ. ಹಾಗಂತ ಹೇಳಲು ನಾಚಿಕೆ. ಕೈಗೆ ಸಿಕ್ಕ ಕೆಂಪು–ಬಿಳಿ ಪಿನ್ನಿನ ವೈರ್ ಸಿಕ್ಕಿಸಿದೆ. ಸದ್ದಿಲ್ಲ. ಎಚ್‌ಡಿಎಂಐ ಕೇಬಲ್ ಹಾಕಿದೆ. ಆಗಲೂ ಇಲ್ಲ. ‘ಸೆಟ್ಟೇ ಹೋಗಿರಬೇಕು ಅಪ್ಪ’ ಎಂದುಬಿಟ್ಟೆ. ಅವರು ಏನೂ ಹೇಳದೆ ಎದ್ದು ಹೋದರು.

ರಾತ್ರಿ ನಿದ್ದೆ ಬರಲಿಲ್ಲ. ಗೊತ್ತಿಲ್ಲ ಅನ್ನುವ ಬದಲು ಸುಳ್ಳು ಹೇಳಿದ್ದೆ. ಹಿಂದಿನ ವಾರದ ಇಂಟರ್‌ವ್ಯೂನಲ್ಲಿ ಮಾಡಿದ್ದೂ ಅದನ್ನೇ. ಬೆಳಿಗ್ಗೆ ಎರಡೂ ಮ್ಯಾನ್ಯುಯಲ್ ಹಿಡಿದು ಕೂತೆ.

ಮೊದಲ ತಪ್ಪು ತಿಳಿಯಿತು. ನಾನು ಪಿನ್ ಸಿಕ್ಕಿಸಿದ್ದ ಟಿ.ವಿ.ಯ ಎವಿ ಸಾಕೆಟ್ ಮೇಲೆ ‘ಇನ್’ ಎಂದು ಬರೆದಿತ್ತು. ಸದ್ದು ಅಲ್ಲಿಂದ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಎರಡನೆಯದು, ಎಚ್‌ಡಿಎಂಐ ಸಾಕೆಟ್‌ಗಳೆಲ್ಲ ಒಂದೇ ಅಲ್ಲ. ಪಕ್ಕದಲ್ಲಿ ‘ಎಆರ್‌ಸಿ’ ಎಂದು ಬರೆದಿರುವುದೊಂದೇ ಟಿ.ವಿ.ಯ ಸದ್ದನ್ನು ಅದೇ ಕೇಬಲ್‌ನಲ್ಲಿ ಹೋಮ್ ಥಿಯೇಟರ್‌ಗೆ ವಾಪಸ್ ಕಳಿಸಬಲ್ಲದು. ಈ ಸೌಲಭ್ಯ 2009ರಲ್ಲಿ ಬಂದ ಎಚ್‌ಡಿಎಂಐ 1.4 ಆವೃತ್ತಿಯದು. ನಮ್ಮ ಹಳೆಯ ಸೆಟ್‌ನಲ್ಲೂ ಇತ್ತು! ಕೇಬಲ್ ಬದಲಿಸಿ, ಎರಡೂ ಕಡೆ ‘ಸಿಇಸಿ’ ಆನ್ ಮಾಡಿ, ಟಿ.ವಿ. ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ಔಟ್‌ಪುಟ್ ಬದಲಿಸಿದೆ. ಸದ್ದು ಬಂತು.

ಆದರೆ ಸಿನಿಮಾ ಹಾಕಿದರೂ ಮುಂದಿನ ಎರಡು ಸ್ಪೀಕರ್‌ಗಳಲ್ಲಿ ಮಾತ್ರ ಮಾತು. ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ನಲ್ಲಿತ್ತು. ಎಆರ್‌ಸಿಯಲ್ಲಿ ಅದು ಸಾಮಾನ್ಯವಾಗಿ ಎರಡೇ ಚಾನೆಲ್ ಕಳಿಸುತ್ತದೆ. ‘ಬಿಟ್‌ಸ್ಟ್ರೀಮ್’ಗೆ ಬದಲಿಸಿ, 5.1 ಸದ್ದಿರುವ ಸಿನಿಮಾ ಮತ್ತೆ ಹಾಕಿದಾಗ ಮಳೆ ಬೆನ್ನ ಹಿಂದೆ ಸುರಿಯಿತು. ಅಡುಗೆಮನೆಯಿಂದ ಅಮ್ಮ, ‘ಬಟ್ಟೆ ಒಳಗೆ ತರ‍್ರೋ’ ಎಂದು ಕೂಗಿದರು.

ನಿಮ್ಮ ಸೆಟ್‌ನಲ್ಲಿ ಎಆರ್‌ಸಿ ಇಲ್ಲದಿದ್ದರೆ ಆಪ್ಟಿಕಲ್ ಸಾಕೆಟ್ ಇದೆಯಾ ನೋಡಿ. ಆ ಕೇಬಲ್ ಡಾಲ್ಬಿ ಡಿಜಿಟಲ್ 5.1 ಒಯ್ಯಬಲ್ಲದು. ಬರೀ ಕೆಂಪು–ಬಿಳಿ ಪಿನ್ ಇದ್ದರೆ ಟಿ.ವಿ.ಯ ಹೆಡ್‌ಫೋನ್ ಜಾಕ್‌ನಿಂದ ಕೊಡಬಹುದು. ಜಾಕ್ ಇಲ್ಲದಿದ್ದರೆ ಆಪ್ಟಿಕಲ್‌ಗೆ ಹಾಕುವ ಚಿಕ್ಕ ಕನ್ವರ್ಟರ್ ಸಿಗುತ್ತದೆ. ಆಗ ಎರಡು ಚಾನೆಲ್ಲಿನ ಸದ್ದಷ್ಟೇ, ಆದರೂ ಟಿ.ವಿ.ಯ ತೆಳು ಸ್ಪೀಕರ್‌ಗಿಂತ ವಾಸಿ. ಚೆನ್ನಾಗಿರುವ ಸೆಟ್ ಗುಜರಿಗೆ ಹಾಕುವ ಮುನ್ನ ಅದರ ಬೆನ್ನ ಮೇಲೇನು ಬರೆದಿದೆ ಎಂದು ಒಮ್ಮೆ ಓದಿ.

ಇಷ್ಟು ಚಿಕ್ಕ ವಿಷಯ ನಾಲ್ಕು ವರ್ಷ ಓದಿದವನಿಗೆ ಯಾಕೆ ತಿಳಿಯಲಿಲ್ಲ? ನನ್ನ ತಪ್ಪಂತೂ ಇದೆ. ಆದರೆ ನಮ್ಮ ಲ್ಯಾಬ್‌ಗಳಲ್ಲಿ ವೈರಿಂಗ್ ಮೊದಲೇ ಸಿದ್ಧವಿರುತ್ತಿತ್ತು. ಸ್ವಿಚ್ ಹಾಕಿ, ಸೀನಿಯರ್ ರೆಕಾರ್ಡಿನ ರೀಡಿಂಗ್ ನೋಡಿ ಬರೆದರೆ ಅಂಕ. ಯಾವುದೂ ಕೆಟ್ಟು ನಿಲ್ಲುತ್ತಿರಲಿಲ್ಲ, ಹಾಗಾಗಿ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದನ್ನೂ ಕಲಿಯಲಿಲ್ಲ. ಕಾಲೇಜುಗಳು ಸೆಮಿಸ್ಟರ್‌ಗೆ ಒಂದು ದಿನವಾದರೂ ಹಳೆಯ ಉಪಕರಣಗಳನ್ನು ಮ್ಯಾನ್ಯುಯಲ್ ಸಮೇತ ಮೇಜಿನ ಮೇಲಿಟ್ಟು ‘ಇದನ್ನು ನಡೆಸಿ ತೋರಿಸಿ’ ಎನ್ನಲಿ. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ನನಗಿನ್ನೂ ಕೆಲಸ ಸಿಕ್ಕಿಲ್ಲ. ಆದರೆ ಮೊನ್ನೆಯ ಇಂಟರ್‌ವ್ಯೂನಲ್ಲಿ ಒಂದು ಪ್ರಶ್ನೆಗೆ, ‘ಗೊತ್ತಿಲ್ಲ ಸರ್, ಆದರೆ ಎಲ್ಲಿಂದ ಹುಡುಕಲು ಶುರು ಮಾಡ್ತೀನಿ ಅಂತ ಹೇಳಬಲ್ಲೆ’ ಎಂದೆ. ಎದುರಿಗಿದ್ದವರು ಪೆನ್ ಕೆಳಗಿಟ್ಟು, ‘ಹೇಳಿ’ ಎಂದರು.