ಅಗೆಯುವ ಮೊದಲು ಹೊಲ ಓದುವವರು ಬೇಕು

ನಲವತ್ತು ದಾಟಿದವರು ಮೊಬೈಲಿನಲ್ಲಿ ಪುರಾತತ್ವ ಕಲಿತು ಏನು ಮಾಡಿಯಾರು ಎಂದು ಕೇಳುವವರು ಪುರಾತತ್ವವೆಂದರೆ ಅಗೆತ ಎಂದಷ್ಟೇ ತಿಳಿದಿರುತ್ತಾರೆ. ಅಗೆತ ಕೊನೆಯ ಕೆಲಸ, ಪರವಾನಗಿ ಇದ್ದವರ ಕೆಲಸ. ಅದಕ್ಕೂ ಮೊದಲು ನೆಲದ ಮೇಲೆ ಏನಿದೆ, ಎಲ್ಲಿದೆ ಎಂದು ಗುರುತಿಸಿ ಬರೆದಿಡಬೇಕು. ನವಲಗುಂದ ತಾಲ್ಲೂಕಿನ ಯಮನೂರಿನಂಥ ಊರಲ್ಲಿ ಆ ಕೆಲಸಕ್ಕೆ ದಿನಾ ಹೊಲಕ್ಕೆ ಹೋಗುವವರಿಗಿಂತ ತಕ್ಕವರಿಲ್ಲ. ಅವರಿದ್ದಲ್ಲಿಗೇ, ಕನ್ನಡದಲ್ಲೇ ಪಾಠ ಬರಬೇಕು.

ಚಾಂಗದೇವ–ರಾಜಾಬಾಗಸವಾರನ ಜಾತ್ರೆಗೆ ಹೆಸರಾದ ಯಮನೂರು ಇರುವುದು ಬೆಣ್ಣಿಹಳ್ಳದ ದಂಡೆಯಲ್ಲಿ. ಹಳ್ಳ ಉಕ್ಕಿ ಇಳಿದಾಗ ದಂಡೆ ಕುಸಿದು ಮಣ್ಣಿನ ಪದರುಗಳು ಬಯಲಾಗುತ್ತವೆ. ಮುಂದಿನ ಮಳೆಗೆ ಅವೂ ಕೊಚ್ಚಿಹೋಗುತ್ತವೆ. ಈ ಹಳ್ಳ ಸೇರುವ ಮಲಪ್ರಭೆಯ ದಂಡೆಯಲ್ಲೇ, ಬಾದಾಮಿ ಕಡೆಯ ಖ್ಯಾಡದಲ್ಲಿ, ಹಳೆ ಶಿಲಾಯುಗದ ಕಲ್ಲಿನ ಉಪಕರಣಗಳು ಸಿಕ್ಕಿವೆ. ಎರಿಮಣ್ಣು ಬೇಸಿಗೆಗೆ ಬಿರಿದು ಮಳೆಗೆ ಉಬ್ಬುತ್ತ ಮೇಲಿನದನ್ನು ನುಂಗುತ್ತದೆ, ಕೆಳಗಿನದನ್ನು ಮೇಲೆತ್ತುತ್ತದೆ. ಹರಗಿದ ಹೊಲದಲ್ಲಿ ಒಂದು ಹದ ಮಳೆಯಾದ ಮೇಲೆ ಮಡಕೆಯ ಚೂರು ಕಾಣುತ್ತದೆ ಎನ್ನಿ. ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು ಇದ್ದರೆ ಅದು ಕಬ್ಬಿಣಯುಗದ್ದಿರಬಹುದು. ಗೊತ್ತಿಲ್ಲದವರಿಗೆ ಅದು ಬದುವಿಗೆ ಎಸೆಯುವ ಹೆಂಚಿನ ತುಂಡು. 2010ರಲ್ಲಿ ಅಣ್ಣಿಗೇರಿಯಲ್ಲಿ ನೂರಾರು ತಲೆಬುರುಡೆಗಳು ಹೊರಬಂದದ್ದು ಚರಂಡಿ ಅಗೆಯುವಾಗ. ಇಂಥ ಹೊತ್ತಿನಲ್ಲಿ ಪಂಡಿತರು ಬರುವುದು ಆಮೇಲೆ. ಮೊದಲು ಎದುರಿಗಿರುವವರು ಕೂಲಿಯವರು, ಊರವರು. ಅಗೆತ ನಿಲ್ಲಿಸಿ, ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಫೋಟೊ ತೆಗೆಯಬೇಕೆಂದು ಅವರಲ್ಲಿ ಒಬ್ಬರಿಗೆ ತಿಳಿದಿದ್ದರೂ ಸಾಕು, ಎಷ್ಟೋ ಉಳಿಯುತ್ತದೆ.

ಪರದೆಯ ಮೇಲೆ ಮಣ್ಣಿನ ಹದ ತಿಳಿಯದು ಎಂಬ ಆಕ್ಷೇಪ ನಿಜ. ಚೂರನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಹಾಗಾಗಿ ಸುಗ್ಗಿ ಮುಗಿದ ಮೇಲೆ ಒಂದು ವಾರವಾದರೂ ಧಾರವಾಡದಲ್ಲಿ, 1939ರಿಂದ ಇರುವ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆ, ಕೈಗೆಲಸದ ಪಾಠ ಆಗಬೇಕು. ಆದರೆ ಕಾಲಮಾನ, ನಕಾಶೆ, ಕಾನೂನು, ಹಳೆಯ ಲಿಪಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುವ ಕ್ರಮ ಇವೆಲ್ಲ ಮನೆಯಲ್ಲೇ ಕಲಿಯುವಂಥವು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿರುವುದರಲ್ಲಿ ಹವ್ಯಾಸಿಗಳ ದುಡಿಮೆ ದೊಡ್ಡದು. ಅಶೋಕನ ಹೆಸರಿರುವ ಮಸ್ಕಿ ಶಾಸನವನ್ನು 1915ರಲ್ಲಿ ಕಂಡದ್ದೂ ಚಿನ್ನದ ಗಣಿ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್. ನಮ್ಮ ಭಾಗದ ಶಾಸನ ಸಂಪುಟಗಳಲ್ಲಿ ಮೂಲಪಾಠ ಕನ್ನಡದಲ್ಲಿದ್ದು ವಿವರಣೆ ಇಂಗ್ಲಿಷಿನಲ್ಲಿರುವುದು ನನಗೆ ನೋವಿನ ಸಂಗತಿ. ಮೊದಲು ಸರಿಯಾಗಬೇಕಾದದ್ದು ಇದು.

ಅರೆಬರೆ ಕಲಿತವರು ನಿಧಿಗಳ್ಳರಾದಾರು ಎಂಬ ಭಯವೂ ಇದೆ. ನಿಧಿಗಾಗಿ ಗುಡಿ ಕೆಡವುವವರು ಪಾಠಕ್ಕಾಗಿ ಕಾದು ಕೂತವರಲ್ಲ. ಅದಕ್ಕಿಂತ ಗಟ್ಟಿಯಾದದ್ದು ರೈತನ ಅಳುಕು: ಹೇಳಿದರೆ ಹೊಲ ಸರ್ಕಾರದ ಪಾಲಾದೀತು. ಒಂದು ಚೂರು ಸಿಕ್ಕಿತೆಂದು ಹೇಳಿದಷ್ಟಕ್ಕೇ ಹೊಲ ಹೋಗುವುದಿಲ್ಲ. 1958ರ ಕೇಂದ್ರ ಕಾಯ್ದೆಯಡಿ ಒಂದು ಜಾಗವನ್ನು ಸಂರಕ್ಷಿತವೆಂದು ಸಾರಬೇಕಾದರೆ ಮೊದಲು ಪ್ರಕಟಣೆ ಹೊರಡಿಸಿ, ಆಕ್ಷೇಪಕ್ಕೆ ಎರಡು ತಿಂಗಳು ಕೊಡಬೇಕು. ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ನಿಧಿ ಸಿಕ್ಕರೆ ತಿಳಿಸುವುದು ಕಡ್ಡಾಯ. ಕೋರ್ಸಿನ ಮೊದಲ ವಾರವೇ, ಶಿಲಾಯುಗಕ್ಕೂ ಮುಂಚೆ, ಈ ಎರಡು ಕಾಯ್ದೆಗಳನ್ನು ಹೇಳಿಕೊಡಬೇಕು.