ಗಡಿಯ ಕನ್ನಡ ಮತ್ತು ಪ್ರಾರ್ಥನೆಯ ನುಡಿ

ಕನ್ನಡ ಐಚ್ಛಿಕ ತರಗತಿಯಲ್ಲಿ ಕ್ರೈಸ್ತರ ಪ್ರಸ್ತಾಪ ಬರುವುದು ಬಹುಮಟ್ಟಿಗೆ ಒಂದೇ ಪ್ರಶ್ನೆಯ ರೂಪದಲ್ಲಿ: ‘ಕನ್ನಡಕ್ಕೆ ಮಿಷನರಿಗಳ ಕೊಡುಗೆಯನ್ನು ವಿವರಿಸಿ.’ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1843ರ ‘ಮಂಗಳೂರ ಸಮಾಚಾರ’, 1894ರಲ್ಲಿ ಹೊರಬಂದ ಕಿಟ್ಟೆಲ್ ನಿಘಂಟು. ಈ ಮೂರನ್ನು ಬರೆದವರಿಗೆ ಅಂಕ ದೊರೆಯುತ್ತದೆ. ಆದರೆ ಇದು ಹೊರಗಿನಿಂದ ಬಂದವರು ಕನ್ನಡಕ್ಕಾಗಿ ಮಾಡಿದ ಕೆಲಸದ ಲೆಕ್ಕ. ಹುಟ್ಟಿನಿಂದಲೇ ಕನ್ನಡವಾಡುವ ಕ್ರೈಸ್ತ ಮನೆಗಳಲ್ಲಿ ಸಂಜೆಯ ದೀಪ ಹೊತ್ತಿದ ಮೇಲೆ ಯಾವ ಕನ್ನಡ ಕೇಳಿಬರುತ್ತದೆ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ. ನಿಘಂಟು ಸಾಹಿತ್ಯ ಚರಿತ್ರೆಯೊಳಗೆ ಬಂದಿತು. ಪ್ರಾರ್ಥನೆ ಹೊರಗೇ ಉಳಿಯಿತು. ಪ್ರಾರ್ಥನೆಯೂ ಕನ್ನಡದ ಅಧ್ಯಯನ ಸಾಮಗ್ರಿಯೇ ಎಂಬ ಮಾತು ಎಲ್ಲ ಕಡೆಯ ವಿದ್ಯಾರ್ಥಿಗಳಿಗೂ ಸಲ್ಲುತ್ತದೆ. ಗಡಿಯ ವಿದ್ಯಾರ್ಥಿಗಳಿಗಂತೂ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ತೇರಣಾ ನದಿಯ ಅಣೆಕಟ್ಟಿನಿಂದ ಹೆಸರಾದ ಮಾಕಣಿ, ಉಮರ್ಗಾ, ನಿಲಂಗಾ, ಉದ್ಗೀರ್ — ಈ ಪಟ್ಟಿಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಅಂಗಳದಲ್ಲಿ ಬೆಳೆದಿವೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಉದ್ಗೀರ್ ಮತ್ತು ನಿಲಂಗಾ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಸೇರಿ, 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಅಂದಿನಿಂದ ಕಚೇರಿಯ ಭಾಷೆ ಮರಾಠಿ, ಬಸ್ಸಿನ ಫಲಕ ಮರಾಠಿ, ಬಹುಪಾಲು ಮಕ್ಕಳಿಗೆ ಶಾಲೆಯ ಭಾಷೆಯೂ ಮರಾಠಿ. ಇಂತಹ ನೆಲದಲ್ಲಿ ಕನ್ನಡಕ್ಕೆ ಉಳಿಯುವ ತಾಣಗಳು ಅಡುಗೆಮನೆ, ಹೊಲ ಮತ್ತು ದೇವರ ಸನ್ನಿಧಿ. ವೀರಶೈವ ಲಿಂಗಾಯತ ಮಠಗಳಲ್ಲಿ, ಭಜನೆಯ ಮೇಳಗಳಲ್ಲಿ ಕನ್ನಡ ಉಳಿದ ಬಗೆಯನ್ನು ಹಲವರು ಗುರುತಿಸಿದ್ದಾರೆ. ಅದೇ ನೋಟವನ್ನು ಕ್ರೈಸ್ತ ಪ್ರಾರ್ಥನೆಯ ಕಡೆಗೂ ಹರಿಸುವುದು ನ್ಯಾಯ.

ಬೀದರ್ ಸೀಮೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಮೆಥೋಡಿಸ್ಟ್ ಮಿಷನ್ ಬಂದಿತು. ಅದರ ಸಭೆಗಳಿಗೆ ಸೇರಿದವರಲ್ಲಿ ಹೆಚ್ಚಿನವರು ದಲಿತ ಸಮುದಾಯಗಳವರು. ಅಕ್ಷರದ ಬಾಗಿಲು ಅಲ್ಲಿಯವರೆಗೆ ಮುಚ್ಚಿದ್ದವರು. ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆರಂಭಿಸಿದ ಪದ್ಧತಿಯೊಂದುಂಟು: ಹನ್ನೆರಡರಷ್ಟು ಜನರ ಸಣ್ಣ ಗುಂಪು ವಾರಕ್ಕೊಮ್ಮೆ ಕೂಡುವುದು, ಪ್ರತಿಯೊಬ್ಬರೂ ತಮ್ಮ ಅಂತರಂಗದ ಸ್ಥಿತಿಯನ್ನು ಬಾಯಿಬಿಟ್ಟು ಹೇಳುವುದು. ಪಂಥದ ಈ ಗುಣ ಅರ್ಥಪೂರ್ಣವಾದುದು. ನಾಲ್ವರ ಮುಂದೆ ಮಾತನಾಡುವ ಅಧಿಕಾರವನ್ನು ಸಮಾಜ ಯಾರಿಗೆ ನಿರಾಕರಿಸಿತ್ತೋ ಅವರಿಗೆ ಪ್ರಾರ್ಥನಾ ಕೂಟವು ಆ ಅಧಿಕಾರವನ್ನು ಕೊಡಬಲ್ಲದಾಗಿತ್ತು. ಓದು ಬಾರದವರೂ ಎದ್ದುನಿಂತು, ಯಾರೂ ತಡೆಯದಂತೆ, ದೇವರೊಡನೆ ಮಾತನಾಡಬಹುದಾಗಿತ್ತು. ಆ ಮಾತು ಮನೆಯ ಕನ್ನಡವಲ್ಲದೆ ಬೇರೆ ಯಾವುದಾಗಲು ಸಾಧ್ಯ?

ಪ್ರಾರ್ಥನೆಯೆಂದರೆ ಒಂದೇ ಬಗೆಯ ಮಾತಲ್ಲ. ಅದರ ಪ್ರಕಾರಗಳನ್ನು ಬೇರ್ಪಡಿಸಿ ನೋಡಿದರೆ ಒಂದೊಂದೂ ಕನ್ನಡದಿಂದ ಒಂದೊಂದು ಬಗೆಯ ಕೆಲಸವನ್ನು ಬೇಡಿದೆಯೆಂಬುದು ತಿಳಿಯುತ್ತದೆ.

ಮೊದಲನೆಯದು ಕಂಠಪಾಠದ ಪ್ರಾರ್ಥನೆ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿಯೂ ಲೂಕನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿಯೂ ಇದೆ. ಎರಡರ ಪಾಠ ಒಂದೇ ಅಲ್ಲ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತು. ಆ ಪರಂಪರೆಯಲ್ಲಿ ರೂಢಿಯಾದ ಭಾಷೆಯಲ್ಲಿ ‘-ಅಲ್ಪಡು’ ಎಂಬ ಕರ್ಮಣಿ ರೂಪಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ವ್ಯಾಕರಣದ ವಿದ್ಯಾರ್ಥಿಗೆ ಅದು ಕೃತಕವಾಗಿ ಕಾಣಬಹುದು. ಆದರೆ ತಲೆಮಾರುಗಳ ನಾಲಗೆಯ ಮೇಲೆ ಉರುಳಿದ ಮೇಲೆ ಆ ಕೃತಕತೆಯೇ ಒಂದು ಗಾಂಭೀರ್ಯವಾಗುತ್ತದೆ. ಅದು ದಿನದ ಮಾತಲ್ಲವೆಂಬ ಎಚ್ಚರವನ್ನು ಕಿವಿಗೆ ಕೊಡುತ್ತದೆ. ಸಂಬೋಧನೆಯ ವಿಷಯವೂ ಗಮನಾರ್ಹ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹೇಳುವ ಕರ್ತನ ಪ್ರಾರ್ಥನೆ ದೇವರನ್ನು ‘ನೀನು’ ಎಂದು ಕರೆಯುತ್ತದೆ. ಕಥೋಲಿಕರ ಜಪಸರದಲ್ಲಿ ಬರುವ ‘ನಮೋ ಮರಿಯಾ’ ಪ್ರಾರ್ಥನೆ ಮರಿಯಳನ್ನು ‘ನೀವು’ ಎಂದು ಗೌರವಿಸುತ್ತದೆ. ಶರಣರೂ ಹರಿದಾಸರೂ ತಮ್ಮ ದೈವವನ್ನು ಏಕವಚನದಲ್ಲಿ ಕರೆದದ್ದನ್ನು ಓದಿದವರಿಗೆ ಈ ಭೇದ ಸಣ್ಣದೆನಿಸದು. ಭಕ್ತಿಯ ಸಲುಗೆ, ಭಕ್ತಿಯ ಮರ್ಯಾದೆ ಎರಡನ್ನೂ ಕನ್ನಡ ಒಂದೊಂದು ಸರ್ವನಾಮದಲ್ಲಿ ಹಿಡಿದಿಟ್ಟಿದೆ.

ಎರಡನೆಯದು ಹಾಡುವ ಪ್ರಾರ್ಥನೆ. ಪಾಶ್ಚಾತ್ಯ ಧಾಟಿಗೆ ಹೊಂದಿಸಿದ ಅನುವಾದಿತ ಗೀತೆಗಳು ಒಂದು ಕಡೆ, ರಾಗತಾಳಗಳಿಗೆ ಹೊಂದುವ ಕೀರ್ತನೆಗಳು ಇನ್ನೊಂದು ಕಡೆ: ಕನ್ನಡ ಕ್ರೈಸ್ತ ಸಭೆಗಳು ಈ ಎರಡನ್ನೂ ಉಳಿಸಿಕೊಂಡು ಬಂದಿವೆ. ಅನುವಾದಿತ ಗೀತೆಯಲ್ಲಿ ಹ್ರಸ್ವವನ್ನು ಎಳೆದು ದೀರ್ಘವನ್ನು ಕುಗ್ಗಿಸುವ ಸಂಕಟವಿರುತ್ತದೆ. ಕೀರ್ತನೆಯಲ್ಲಿ ಪಲ್ಲವಿ ಕನ್ನಡದ ಮಾತ್ರೆಯ ಮೇಲೆ ನಿರಾಯಾಸವಾಗಿ ನಿಲ್ಲುತ್ತದೆ. ಕಿಟ್ಟೆಲ್ ಈ ಮರ್ಮವನ್ನು ಬಲ್ಲವರಾಗಿದ್ದರು. ಅವರು 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ ಯೇಸುವಿನ ಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳಲು ಹೊರಟ ಕೃತಿ. ಗಡಿಯಾಚೆಗೆ ಇದೇ ಕೆಲಸವನ್ನು ಮರಾಠಿಯಲ್ಲಿ ಮಾಡಿದವರು ಕವಿ ನಾರಾಯಣ ವಾಮನ ಟಿಳಕ (1861–1919). ತುಕಾರಾಮರ ಅಭಂಗಗಳ ಹಾದಿಯಲ್ಲಿ ನಡೆದೇ ತಾವು ಕ್ರಿಸ್ತನನ್ನು ಮುಟ್ಟಿದುದಾಗಿ ಭಾವಿಸಿದ ಅವರು ಅಭಂಗ, ಓವಿಗಳ ಧಾಟಿಯಲ್ಲಿಯೇ ಕ್ರೈಸ್ತ ಭಕ್ತಿಯನ್ನು ಹಾಡಿದರು. ಉಮರ್ಗಾ, ಉದ್ಗೀರ್‌ಗಳ ಎರಡು ಭಾಷೆಯ ಓದುಗರಿಗೆ ಕಿಟ್ಟೆಲ್ ಮತ್ತು ಟಿಳಕರನ್ನು ಜೊತೆಯಲ್ಲಿಟ್ಟು ನೋಡುವ ಅನುಕೂಲವಿದೆ. ಧಾರವಾಡ, ಮೈಸೂರುಗಳ ಓದುಗರಿಗೆ ಅದು ಸುಲಭವಲ್ಲ.

ಮೂರನೆಯದು ಆಶು ಪ್ರಾರ್ಥನೆ: ಪುಸ್ತಕವಿಲ್ಲದೆ, ಮುಂಚಿತ ಸಿದ್ಧತೆಯಿಲ್ಲದೆ, ಆ ಗಳಿಗೆಯ ಅಗತ್ಯದಿಂದ ಹೊರಡುವ ಮಾತು. ಪುಸ್ತಕದ ‘ತಂದೆ’ ಇಲ್ಲಿ ಮನೆಯ ‘ಯಪ್ಪಾ’ ಆಗಬಲ್ಲನು. ಜ್ವರ ಬಂದ ಮಗು, ಮಳೆ ಕಾಣದ ತೊಗರಿ, ಪುಣೆಗೆ ಕೂಲಿಗೆ ಹೋದ ಮಗ, ತೀರದ ಸಾಲ ಎಲ್ಲವೂ ಇಲ್ಲಿ ಹೆಸರು ಪಡೆಯಬಹುದು. ಸ್ತೋತ್ರದಿಂದ ಆರಂಭಿಸಿ, ತಪ್ಪಿನ ನಿವೇದನೆಗೆ ಇಳಿದು, ಪರರಿಗಾಗಿ ವಿಜ್ಞಾಪನೆ ಮಾಡಿ, ಕೊನೆಗೆ ತನ್ನ ಬೇಡಿಕೆಗೆ ಬರುವ ಕ್ರಮವೊಂದು ಕೇಳಿಕೇಳಿಯೇ ರೂಢಿಯಾಗುತ್ತದೆ. ಜನಪದ ಕಥನವನ್ನು ಅಭ್ಯಾಸ ಮಾಡುವವರು ಗುರುತಿಸುವ ಸಿದ್ಧ ಪದಪುಂಜಗಳು, ಪುನರುಕ್ತಿಗಳು, ಉಸಿರಿಗೆ ತಕ್ಕ ನಿಲುಗಡೆಗಳು ಇಲ್ಲಿಯೂ ಉಂಟು. ಬರೆದಿಡದ ಈ ಗದ್ಯವನ್ನು ಕನ್ನಡದ ಮೌಖಿಕ ಪರಂಪರೆಗೆ ಸೇರಿಸದಿರಲು ಕಾರಣವಿಲ್ಲ.

ನಾಲ್ಕನೆಯದು ಮೌನಕ್ಕೆ ಸಮೀಪವಾದ ಸಾಧನೆಗಳ ಗುಂಪು. ಪೂರ್ವದೇಶದ ಆರ್ಥೊಡಾಕ್ಸ್ ಸಭೆಗಳಲ್ಲಿ ಯೇಸುನಾಮವುಳ್ಳ ಒಂದೇ ಚಿಕ್ಕ ವಾಕ್ಯವನ್ನು, ಗಂಟುಗಳುಳ್ಳ ದಾರವನ್ನು ಎಣಿಸುತ್ತ, ಉಸಿರಿನೊಡನೆ ಜಪಿಸುವ ಪದ್ಧತಿಯುಂಟು. ಹನ್ನೆರಡನೆಯ ಶತಮಾನದಲ್ಲಿ ಗಿಗೊ ಎಂಬ ಸಂನ್ಯಾಸಿ ಧರ್ಮಗ್ರಂಥದ ಪಾರಾಯಣಕ್ಕೆ ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳನ್ನು ಹೇಳಿದನು. ಹದಿನಾರನೆಯ ಶತಮಾನದ ಲೊಯೊಲಾದ ಇಗ್ನೇಷಿಯಸ್ ದಿನದಲ್ಲಿ ಎರಡು ಸಲ ನಿಂತು ಆತ್ಮಪರೀಕ್ಷೆ ಮಾಡಿಕೊಳ್ಳುವುದನ್ನು ನಿಯಮವಾಗಿಸಿದನು. ಹದಿನೇಳನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಮಠದ ಅಡುಗೆಮನೆಯಲ್ಲಿ ದುಡಿದ ಸಹೋದರ ಲಾರೆನ್ಸ್, ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸಾನ್ನಿಧ್ಯದಲ್ಲಿರುವುದೇ ಪ್ರಾರ್ಥನೆಯೆಂದು ತಿಳಿದು ಬಾಳಿದನು. ಉಮರ್ಗಾಕ್ಕೆ ನೆರೆಯದಾದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವನ್ನು ಬಲ್ಲ ವಿದ್ಯಾರ್ಥಿಗೆ ಲಾರೆನ್ಸ್ ಅಪರಿಚಿತನಾಗಿ ತೋರಲಾರನು. ಹಾಗೆಂದು ಎರಡೂ ಒಂದೇ ಎಂದು ಹೇಳಿಬಿಡುವುದು ಸೋಮಾರಿತನವಾದೀತು. ಕಾಯಕದಲ್ಲಿ ದುಡಿಮೆಯ ಫಲವನ್ನು ದಾಸೋಹವಾಗಿ ಹಂಚುವ ಸಾಮಾಜಿಕ ನಿಷ್ಠೆಯಿದೆ. ಲಾರೆನ್ಸನ ಸಾಧನೆ ಮುಖ್ಯವಾಗಿ ಅಂತರಂಗದ ಸಂಭಾಷಣೆ. ಹೋಲಿಕೆಯ ಜೊತೆಗೆ ಭೇದವನ್ನೂ ಕಾಣುವುದೇ ತೌಲನಿಕ ಅಧ್ಯಯನ.

ಐದನೆಯದು ಪ್ರಲಾಪ. ಬೈಬಲಿನ 150 ಕೀರ್ತನೆಗಳಲ್ಲಿ ದೊಡ್ಡದೊಂದು ಭಾಗ ಸ್ತುತಿಯಲ್ಲ, ದೂರು. ಎಷ್ಟರವರೆಗೆ ಮುಖ ಮರೆಸಿಕೊಂಡಿರುವೆ ಎಂದು ದೇವರನ್ನೇ ಕೇಳುವ ದನಿ ಅಲ್ಲಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರು ಮತ್ತು ಸುತ್ತಿನ ಊರುಗಳನ್ನು ಭೂಕಂಪ ಕೆಡವಿತು. ಗಣಪತಿಯ ವಿಸರ್ಜನೆ ಮುಗಿಸಿ ಮಲಗಿದ್ದ ಸಾವಿರಾರು ಜನ ಕಲ್ಲುಮಣ್ಣಿನ ಗೋಡೆಗಳ ಕೆಳಗೆ ಅಸುನೀಗಿದರು. ಅಂತಹ ಬೆಳಗಿನಲ್ಲಿ ಕೃತಜ್ಞತಾಸ್ತುತಿ ಬಾಯಿಗೆ ಬಾರದು. ಆಶು ಮಾತೂ ಗಂಟಲಲ್ಲಿ ನಿಲ್ಲುತ್ತದೆ. ಕಂಠಪಾಠದ ಪ್ರಾರ್ಥನೆಯನ್ನು ಗಿಳಿಪಾಠವೆಂದು ಹಳಿಯುವವರು ಈ ಗಳಿಗೆಯನ್ನು ನೆನೆಯಬೇಕು. ಸ್ವಂತ ಮಾತು ಸತ್ತಾಗ ಹಿರಿಯರು ಕಟ್ಟಿಕೊಟ್ಟ ಮಾತು ಕೈಹಿಡಿಯುತ್ತದೆ. ಈ ಮಾತು ಯಾವ ಧರ್ಮದವರಿಗಾದರೂ ಸಲ್ಲುತ್ತದೆ. ಮಾತು ಇಲ್ಲವಾದಾಗ ಯಾವ ಭಾಷೆಯಲ್ಲಿ ಮೊರೆಯಿಡುತ್ತಾರೋ ಅದೇ ಮನುಷ್ಯರ ನಿಜವಾದ ಮಾತೃಭಾಷೆ. ಜನಗಣತಿಯ ನಮೂನೆಯಲ್ಲಿ ತುಂಬಿದ ಉತ್ತರಕ್ಕಿಂತ ಅದು ಆಳವಾದ ಸಾಕ್ಷ್ಯ.

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಗಳು ಏಳುವುದು ಸಹಜ. ಪ್ರಾರ್ಥನೆ ಮತಾಚರಣೆ, ಅದು ಸಾಹಿತ್ಯವಲ್ಲ ಎಂಬುದು ಮೊದಲನೆಯದು. ವಚನ, ಕೀರ್ತನೆ, ತತ್ತ್ವಪದಗಳು ಯಾವುವೂ ಪಠ್ಯಪುಸ್ತಕಕ್ಕಾಗಿ ಹುಟ್ಟಿದವುಗಳಲ್ಲ. ಅವು ಆಚರಣೆಯ ಒಡಲಿನಿಂದಲೇ ಬಂದವು. ಅವುಗಳಿಗೆ ತೆರೆದ ಬಾಗಿಲನ್ನು ಇನ್ನೊಂದಕ್ಕೆ ಮುಚ್ಚುವುದು ವಿಮರ್ಶೆಯಲ್ಲ, ಪಕ್ಷಪಾತ. ಕ್ರೈಸ್ತ ಪ್ರಾರ್ಥನೆ ಪರದೇಶದ್ದು, ಅದರ ಕನ್ನಡವೂ ಅನುವಾದದ್ದು ಎಂಬುದು ಎರಡನೆಯದು. ಇದರಲ್ಲಿ ಅರ್ಧ ಸತ್ಯವಿದೆ. ಮೂಲ ಬೇರೆಯದು, ಆದರೆ ನುಡಿಯುವ ಬಾಯಿ ಈ ನೆಲದ್ದು. ಸಂಸ್ಕೃತದಿಂದ ಬಂದ ಭಾರತ ಕಥೆ ಪಂಪನ ಕೈಯಲ್ಲಿ ಕನ್ನಡವಾಯಿತೆಂದು ಒಪ್ಪುವವರು, ಒಂದು ಪ್ರಾರ್ಥನೆ ಕೂಲಿಕಾರ ತಾಯಿಯ ಬಾಯಲ್ಲಿ ಕನ್ನಡವಾಗಬಲ್ಲುದೆಂಬುದನ್ನೂ ಒಪ್ಪಬೇಕು. ರೋಮನ್ ಕಥೋಲಿಕ ಸಭೆಯೇ 1963ರ ಡಿಸೆಂಬರ್‌ನಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ಆರಾಧನಾ ವಿಧಿಯ ನಿರ್ಣಯದ ಮೂಲಕ, ಲ್ಯಾಟಿನ್ನಿನ ಜೊತೆಗೆ ಜನರ ಭಾಷೆಗಳಿಗೆ ಪೂಜಾಪೀಠದ ಬಳಿ ಸ್ಥಾನ ಕೊಟ್ಟಿತು. ಜನರು ಅರಿಯದ ಭಾಷೆಯ ಪ್ರಾರ್ಥನೆಗೆ ಕೊರತೆಯುಂಟೆಂದು ಅಷ್ಟು ಹಳೆಯ ಸಂಸ್ಥೆಯೂ ಕಂಡುಕೊಂಡಿತು.

ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸ ದೊಡ್ಡದೇನಲ್ಲ. ತಮ್ಮ ತಾಲೂಕಿನಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ಹಿರಿಯರು ಯಾರಿದ್ದಾರೆಂದು ವಿಚಾರಿಸುವುದು. ಅವರು ಹಾಡುವ ಕೀರ್ತನೆಗಳ ಪಲ್ಲವಿ, ಧಾಟಿಗಳನ್ನು ಬರೆದುಕೊಳ್ಳುವುದು. ಯಾವ ಪದ ಮರಾಠಿಯಿಂದ, ಯಾವುದು ತೆಲುಗಿನಿಂದ, ಯಾವುದು ಉರ್ದುವಿನಿಂದ ಬಂದಿದೆಯೆಂದು ಗುರುತಿಸುವುದು. ವಿಕಾರಾಬಾದ್ ಸಮೀಪದ ಧಾರೂರಿನಲ್ಲಿ ಸುಮಾರು ಒಂದು ಶತಮಾನದಿಂದ ನಡೆದುಬಂದಿರುವ ಮೆಥೋಡಿಸ್ಟ್ ಜಾತ್ರೆಗೆ ತೆಲಂಗಾಣದವರ ಜೊತೆಗೆ ಕರ್ನಾಟಕ, ಮಹಾರಾಷ್ಟ್ರಗಳ ಜನರೂ ಸೇರುತ್ತಾರೆ. ಮೂರು ಭಾಷೆಗಳು ಒಂದೇ ಬಯಲಿನಲ್ಲಿ ದೇವರನ್ನು ಕರೆಯುವ ಇಂತಹ ಸಂದರ್ಭ ಭಾಷಾ ವಿದ್ಯಾರ್ಥಿಗೆ ಗ್ರಂಥಾಲಯಕ್ಕಿಂತ ಕಡಿಮೆಯದಲ್ಲ.

ಆದರೆ ಇದಕ್ಕೊಂದು ಮೇರೆಯುಂಟು. ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂದು ಹೇಳುವುದೂ ಮತ್ತಾಯನ ಅದೇ 6ನೆಯ ಅಧ್ಯಾಯವೇ. ಸಭೆಯಲ್ಲಿ ಹಾಡಿದ್ದು, ಕೂಟದಲ್ಲಿ ಹೇಳಿದ್ದು, ಹಿರಿಯರು ಇಷ್ಟಪಟ್ಟು ಒಪ್ಪಿಸಿದ್ದು ಮಾತ್ರ ಸಂಗ್ರಹಕ್ಕೆ ಸಲ್ಲತಕ್ಕದ್ದು. ಏಕಾಂತದ ಮೊರೆಯನ್ನು ಮೊಬೈಲಿನಲ್ಲಿ ಸೆರೆಹಿಡಿಯುವುದು ಅಧ್ಯಯನವಲ್ಲ, ಅತಿಕ್ರಮಣ. ಕೇಳಿ ಒಪ್ಪಿಗೆ ಪಡೆಯಬೇಕು, ಬೇಡವೆಂದರೆ ಹಿಂದಿರುಗಬೇಕು. ದಲಿತರ ನೋವನ್ನು ಪ್ರಬಂಧದ ಸರಕಾಗಿಸುವ ಚಾಳಿ ಸಾಹಿತ್ಯಾಧ್ಯಯನದಲ್ಲಿ ಇಲ್ಲವೆಂದೇನೂ ಅಲ್ಲ.

ಕಾಲ ಹೆಚ್ಚು ಉಳಿದಿಲ್ಲ. ಶಾಲೆಯಲ್ಲಿ ಮರಾಠಿ ಕಲಿತ ಮೊಮ್ಮಕ್ಕಳು ಮರಾಠಿಯಲ್ಲಿ ಪ್ರಾರ್ಥಿಸುವುದು ತಪ್ಪಲ್ಲ. ದೇವರಿಗೆ ಭಾಷೆಯ ಹಂಗಿಲ್ಲ. ಹಂಗಿರುವುದು ಕನ್ನಡಕ್ಕೆ. ಅಜ್ಜಿಯೊಬ್ಬಳು ಕಣ್ಣು ಮುಚ್ಚಿದಾಗ ಅವಳು ದೇವರೊಡನೆ ಆಡುತ್ತಿದ್ದ ಕನ್ನಡವೂ ಜೊತೆಯಲ್ಲೇ ಹೋಗುತ್ತದೆ. ಅದಕ್ಕೆ ನಕಲು ಪ್ರತಿಯಿರುವುದಿಲ್ಲ. ‘ಮಿಷನರಿಗಳ ಕೊಡುಗೆ’ಯ ಪ್ರಶ್ನೆಗೆ ಉತ್ತರ ಬರೆದಾದ ಮೇಲೆ, ಆ ಕೊಡುಗೆಯನ್ನು ಪಡೆದು ತಮ್ಮದಾಗಿಸಿಕೊಂಡವರು ಏನು ನುಡಿದರು ಎಂಬ ಇನ್ನೊಂದು ಪ್ರಶ್ನೆಯನ್ನು ಗಡಿಯ ವಿದ್ಯಾರ್ಥಿಗಳು ತಾವಾಗಿಯೇ ಎತ್ತಿಕೊಳ್ಳಬೇಕು. ಅದರ ಉತ್ತರ ಯಾವ ಕೈಪಿಡಿಯಲ್ಲಿಯೂ ಸಿಗದು. ನೆರೆಮನೆಯ ಜಗಲಿಯಲ್ಲಿ ಕುಳಿತು ಕೇಳಿದರೆ ಸಿಕ್ಕೀತು.